ನಾನು ಮೊಂಬು ಆಗಿದ್ದ ಬೇಸಿಗೆ

ಹೋದ ತಿಂಗಳು ಚಪ್ಪಲಿ ಕೊಳ್ಳೋಣ ಅಂತ ಬಿಳೇಕಹಳ್ಳಿ ಕಡೆಯ ಮಾಲ್‌ಗೆ ಹೋಗಿದ್ದೆ. ಚಪ್ಪಲಿ ಅಂಗಡಿ ಇರುವುದು ಎರಡನೇ ಮಹಡಿಯಲ್ಲಿ. ಕಾಲು ಮಾತ್ರ ಅಲ್ಲಿ ನಿಲ್ಲದೆ ಎಸ್ಕಲೇಟರ್ ಬದಲಾಯಿಸಿಕೊಂಡು ಸೀದಾ ಮೇಲಿನ ಮಹಡಿಗೆ ಕರೆದುಕೊಂಡು ಹೋಯಿತು. ಗಾಜಿನ ಬಾಗಿಲು ತಳ್ಳಿದ ಕೂಡಲೇ ಮೂಗಿಗೆ ಬಡಿಯಿತು ಅದೇ ವಾಸನೆ. ಸಕ್ಕರೆ ಪಾಕದ ಪಾಪ್‌ಕಾರ್ನ್, ರಬ್ಬರ್ ನೆಲಹಾಸು, ಮಕ್ಕಳು ಬಿಚ್ಚಿ ಎಸೆದ ಸಾಕ್ಸು, ಎಲ್ಲ ಸೇರಿದ ವಾಸನೆ. ಅದನ್ನು ಯಾರೂ ಪರಿಮಳ ಅನ್ನಲಾರರು. ನಾನು ಮಾತ್ರ ಇನ್ನೊಮ್ಮೆ ಮೂಗು ತುಂಬ ಎಳೆದುಕೊಂಡೆ.

ಗೋಡೆ ತುಂಬ ಈಗ ನೀಲಿ ಸಮುದ್ರ, ಮೀನು, ಆಮೆ. ಇನ್ಯಾವುದೋ ಕಾರ್ಟೂನ್ ಚಿತ್ರದ್ದು. ನಾಲ್ಕು ವರ್ಷದ ಹಿಂದೆ ಇದೇ ಗೋಡೆ ನೇರಳೆ ಬಣ್ಣದ್ದಾಗಿತ್ತು. ಇಲ್ಲೊಂದು ಬೆಟ್ಟ ಇತ್ತು. ಬೆಟ್ಟದ ಬುಡದಲ್ಲಿ ಒಂದು ಮೊಲ ಇತ್ತು. ಆ ಮೊಲದೊಳಗೆ ನಾನಿದ್ದೆ.

ಅದು ಸೆಕೆಂಡ್ ಪಿಯುಸಿ ಪರೀಕ್ಷೆ ಮುಗಿದ ಬೇಸಿಗೆ. ಫಲಿತಾಂಶಕ್ಕೆ ಇನ್ನೂ ಕಾಯಬೇಕಿತ್ತು, ಮನೆಯಲ್ಲಿ ಫ್ಯಾನ್ ಕೆಳಗೆ ಮಲಗಿ ಮಲಗಿ ಬೆನ್ನು ನೋವು ಬಂದಿತ್ತು. ಆಗಲೇ ಆ ಚಿತ್ರ ಬಂತು. ಬೆಟ್ಟದಷ್ಟು ಎತ್ತರದ ಒಂದು ನೇರಳೆ ಮೊಲದ ಕತೆ. ಹೆಸರು ಮೊಂಬು. ಅದರ ಗಾತ್ರ ನೋಡಿ ಕಾಡಿನ ಪ್ರಾಣಿಗಳೆಲ್ಲ ಹೆದರಿ ಓಡುತ್ತವೆ. ಮೊಂಬುವಿಗೋ ಅವುಗಳಿಗಿಂತ ಹೆಚ್ಚು ಹೆದರಿಕೆ. ಚಿತ್ರ ಪೂರ್ತಿ ಅದು ಒಂದು ಮಾತೂ ಆಡುವುದಿಲ್ಲ. ಹೆದರಿಕೆಯಾದಾಗ ಎರಡು ಕಿವಿಗಳನ್ನೂ ಕಣ್ಣಿನ ಮೇಲೆ ಮಡಚಿಕೊಳ್ಳುತ್ತದೆ, ಒಂದು ದೊಡ್ಡ ಉಸಿರು ಎಳೆದುಕೊಳ್ಳುತ್ತದೆ, ಆಮೇಲೆ ಫುರ್ರ್ ಅಂತ ಕಿವಿ ಬಿಚ್ಚುತ್ತದೆ. ಕೊನೆಯಲ್ಲಿ ಬಿರುಗಾಳಿ ಬಂದಾಗ ಮಾತ್ರ ಅದು ಓಡುವುದಿಲ್ಲ. ಬಯಲಿನ ನಡುವೆ ಸುಮ್ಮನೆ ಕೂತುಬಿಡುತ್ತದೆ. ಅದು ಕೂತಿದ್ದು ನೋಡಿ ಕಾಡಿಗೆ ಕಾಡೇ ಬಂದು ಅದಕ್ಕೆ ಒರಗಿ ಕೂರುತ್ತದೆ.

ಅಷ್ಟೇ ಕತೆ. ಆದರೆ ನಮ್ಮ ಕಡೆಯ ಮಕ್ಕಳಿಗೆ ಹಿಡಿದ ಹುಚ್ಚು ಏನು ಹೇಳಲಿ! ಜಯನಗರ ನಾಲ್ಕನೇ ಬ್ಲಾಕಿನ ಫುಟ್‌ಪಾತ್ ತುಂಬ ನೇರಳೆ ಕಿವಿಗಳು ತೂಗಾಡುತ್ತಿದ್ದವು. ಬನಶಂಕರಿ ಸೆಕೆಂಡ್ ಸ್ಟೇಜಿನ ನಮ್ಮ ಬೇಕರಿಯವರು ಹನಿ ಕೇಕಿಗೂ ನೇರಳೆ ಬಣ್ಣ ಹಚ್ಚಿದರು. ಅಂಗಡಿಯ ಕಿವಿ ಸಿಗದ ಮಕ್ಕಳು ತಲೆಗೆ ನುಗ್ಗೇಕಾಯಿ ಕಟ್ಟಿಕೊಂಡರು. "ಸಾಂಬಾರಿಗೆ ಅಂತ ತಂದಿದ್ದು ಕಣ್ರೇ, ಎಲ್ಲಾ ಕಿವಿ ಆಗೋಯ್ತು!" ಅಂತ ಎದುರುಮನೆ ಆಂಟಿ ಬೀದಿಗೆ ಕೇಳುವ ಹಾಗೆ ಗೋಳಾಡಿದರು. ಇಂಜೆಕ್ಷನ್‌ಗೆ ಡಾಕ್ಟರ ಶಾಪೇ ಹಾರಿಹೋಗುವಂತೆ ಕಿರುಚುತ್ತಿದ್ದ ನಮ್ಮ ಬೀದಿಯ ಪುಟ್ಟಿ, ಕಿವಿ ಮಡಚುವ ಹಾಗೆ ಅಂಗೈ ಕಣ್ಣಿಗಿಟ್ಟು, ಉಸಿರೆಳೆದು, ಫುರ್ರ್ ಅಂದು ಚುಚ್ಚಿಸಿಕೊಂಡು ಬಂದಳಂತೆ.

ಮಾಲಿನ ಮೇಲಿನ ಮಹಡಿಯಲ್ಲಿ ಮೊದಲಿಂದಲೂ ಒಂದು ಆಟದ ಪಾರ್ಕ್ ಇತ್ತು. ಡಿಕ್ಕಿ ಹೊಡೆಯುವ ಕಾರು, ಕೂತು ಸುತ್ತುವ ದೊಡ್ಡ ಟೀ ಕಪ್ಪು ಎಲ್ಲ ಹಳೆಯದಾಗಿ, ಜನ ಬರುವುದೇ ಕಡಿಮೆಯಾಗಿತ್ತು. ಪಾರ್ಕಿನವರು ರಾತ್ರಿ ಹಗಲು ಬಣ್ಣ ಬಳಿದು ಅದನ್ನು ‘ಮೊಂಬು ಬೆಟ್ಟ’ ಮಾಡಿಬಿಟ್ಟರು. ಫೈಬರ್ ಬೆಟ್ಟ. ಅದರ ಸುತ್ತ, ಚಾವಣಿಗೆ ಹತ್ತಿರದಲ್ಲಿ, ಕಂಬಿಗೆ ನೇತುಬಿದ್ದು ಓಡುವ ಕ್ಯಾರೆಟ್ ಬಣ್ಣದ ರೈಲು. ಟಿಕೆಟ್ ಕೌಂಟರಿಗೆ ಹುಡುಗಿಯರು ಬೇಕು ಅನ್ನುವ ಬೋರ್ಡು ನೋಡಿ ನಾನು ಹೋದೆ.

ಮ್ಯಾನೇಜರ್ ಲೋಕೇಶ್ ಸರ್ ನನ್ನನ್ನು ಕಾಲಿಂದ ತಲೆಯವರೆಗೆ ನೋಡಿದರು. ತಲೆ ತಲುಪಲು ಅವರಿಗೆ ಸ್ವಲ್ಪ ಹೊತ್ತೇ ಹಿಡಿಯಿತು. ನಾನು ಆರಡಿಗೆ ಒಂದೇ ಇಂಚು ಕಡಿಮೆ. ಕಾಲೇಜಿನಲ್ಲಿ ನನ್ನ ಹೆಸರು ಸಹನಾ ಅಂತ ಎಷ್ಟು ಜನಕ್ಕೆ ಗೊತ್ತಿತ್ತೋ, ಎಲ್ಲರೂ ಕರೆಯುತ್ತಿದ್ದದ್ದು ಲಂಬು ಅಂತಲೇ. ಅದಕ್ಕೇ ನಾನು ಯಾವಾಗಲೂ ಭುಜ ಬಗ್ಗಿಸಿ, ಬಾಗಿಲಲ್ಲಿ ತಲೆ ತಗುಲುತ್ತದೇನೋ ಅನ್ನುವ ಹಾಗೆ ನಿಲ್ಲುತ್ತಿದ್ದೆ.

"ಯಾಕಮ್ಮಾ ಗೂನು? ನೆಟ್ಟಗೆ ನಿಲ್ಲು ನೋಡೋಣ," ಅಂದರು ಅವರು. ನಿಂತೆ. ಅವರ ಮುಖ ಅರಳಿತು. "ಕೌಂಟರ್ ಬೇಡ, ನೀನೇ ಮೊಂಬು ಆಗು. ಹೋದ ವಾರ ಒಬ್ಬ ಹುಡುಗನ್ನ ಹಾಕಿದ್ದೆ. ಐದೂವರೆ ಅಡಿ. ಮಕ್ಕಳು, ಅಂಕಲ್ ಇದು ಮೊಂಬು ಅಲ್ಲ, ಅದರ ತಮ್ಮ ಅಂತ ಮಾನ ತೆಗೆದ್ವು!"

ನನ್ನ ಎತ್ತರ ನೋಡಿ ಒಬ್ಬರ ಕಣ್ಣು ಹೊಳೆದದ್ದು ಜೀವನದಲ್ಲಿ ಅದೇ ಮೊದಲು. ಮನೆಗೆ ಹಾರಿಕೊಂಡು ಬಂದೆ.

ಅಪ್ಪ ನನಗಿಂತ ಎತ್ತರ. ಬ್ಯಾಂಕಿನಲ್ಲಿ ಕೆಲಸ, ಇಸ್ತ್ರಿ ಮಾಡದ ಬಟ್ಟೆ ಹಾಕಿ ಹಾಲು ತರಲೂ ಹೋಗದ ಮನುಷ್ಯ. ಸುದ್ದಿ ಕೇಳಿ ಕಾಫಿ ಲೋಟ ಕೆಳಗಿಟ್ಟರು. "ಡಿಗ್ರಿ ಸೇರೋ ಹುಡುಗಿ ಗೊಂಬೆ ವೇಷ ಹಾಕ್ಕೊಂಡು ಮಾಲಲ್ಲಿ ಕುಣಿಯೋದಾ? ನಾಲ್ಕು ಜನ ನೋಡಿದ್ರೆ ಏನಂತಾರೆ?"

"ಮುಖ ಪೂರ್ತಿ ಮುಚ್ಚಿರುತ್ತಲ್ಲ ರೀ," ಅಂದಳು ಅಮ್ಮ. "ನಾಲ್ಕು ಜನಕ್ಕೆ ಏನು ಕಾಣುತ್ತೆ? ಮೊಲ ಕಾಣುತ್ತೆ."

"ಮುಖ ಮುಚ್ಕೊಂಡು ಮಾಡೋದು ಎಂಥಾ ಕೆಲಸ?" ಅಂದರು ಅಪ್ಪ. ಅಮ್ಮ ಒಲೆ ಕಡೆ ತಿರುಗಿದಳು. ಕೊನೆಗೆ, "ರಿಸಲ್ಟ್ ಬರೋವರ್ಗೂ ಮಾಡ್ಕೋ. ನಾನಂತೂ ಅಲ್ಲಿಗೆ ಕಾಲಿಡಲ್ಲ," ಅಂತ ಅಪ್ಪ ಎದ್ದು ಹೋದರು.

ಮೊದಲ ದಿನ ವೇಷದೊಳಗೆ ಹೊಕ್ಕಾಗ ಅಪ್ಪ ಹೇಳಿದ್ದೇ ಸರಿ ಅನ್ನಿಸಿಬಿಟ್ಟಿತ್ತು. ಸ್ಪಂಜು, ಕೃತಕ ತುಪ್ಪಳ, ಮೇಲೆ ಕುಂಬಳಕಾಯಿಯಂಥ ತಲೆ. ತಲೆಯೊಳಗೆ ಬ್ಯಾಟರಿಯ ಪುಟಾಣಿ ಫ್ಯಾನು. ಒಳಗೆ ಸೆಖೆ ಅಂದರೆ ಇಡ್ಲಿ ಪಾತ್ರೆಯ ಸೆಖೆ. ಲೋಕೇಶ್ ಸರ್ ಎರಡೇ ನಿಯಮ ಹೇಳಿದರು. ಮೊಂಬು ಮಾತಾಡುವುದಿಲ್ಲ. ಮೊಂಬು ಮಕ್ಕಳೆದುರು ತಲೆ ತೆಗೆಯುವುದಿಲ್ಲ, ಆಕಾಶವೇ ಬಿದ್ದರೂ.

ರೈಲು ಓಡಿಸುತ್ತಿದ್ದವಳು ಶಬಾನಾ. ಬಿ.ಟಿ.ಎಂ. ಲೇಔಟಿನವಳು, ಡಿಪ್ಲೊಮಾ ಮುಗಿಸಿದ್ದಳು, ನನಗಿಂತ ಮೂರು ವರ್ಷ ದೊಡ್ಡವಳು. ಆಗಾಗ ನನ್ನನ್ನು ಸ್ಟೋರ್ ರೂಮಿಗೆ ಎಳೆದುಕೊಂಡು ಹೋಗಿ, ತಲೆ ಕಿತ್ತು, "ಬದುಕಿದೀಯಾ ಮಗಾ?" ಅಂತ ಕೇಳಿ ಬಾಯಿಗೆ ನಿಂಬೆ ಶರಬತ್ತು ಹುಯ್ಯುವುದು ಅವಳೇ ವಹಿಸಿಕೊಂಡ ಇನ್ನೊಂದು ಕೆಲಸ.

ಮೊಂಬು ಆಗುವುದನ್ನು ನನಗೆ ಕಲಿಸಿದವಳು ಮಾತ್ರ ಧೃತಿ. ಉತ್ತರಹಳ್ಳಿಯಿಂದ ಅಜ್ಜನ ಕೈ ಹಿಡಿದು ಬರುತ್ತಿದ್ದ, ದಪ್ಪ ಕನ್ನಡಕದ, ಎಂಟು ವರ್ಷದ ಹುಡುಗಿ. ರಜೆಗೆಲ್ಲ ಆಗುವ ಪಾಸು ಮಾಡಿಸಿಕೊಂಡಿದ್ದಳು. ಮೊದಲ ದಿನ ಬೇರೆ ಮಕ್ಕಳೆಲ್ಲ ಬಂದು ತಬ್ಬಿಕೊಂಡರೆ ಇವಳು ದೂರ ಕೈಕಟ್ಟಿ ನಿಂತು ನನ್ನನ್ನೇ ನೋಡಿದಳು. ಆಮೇಲೆ ಹತ್ತಿರ ಬಂದು ಕತ್ತು ಮೇಲೆತ್ತಿ, "ನೀನು ತಪ್ಪು ಮಾಡ್ತಿದೀಯ," ಅಂದಳು. "ಮೊಂಬು ತಬ್ಬಿಕೊಳ್ಳೋಕೆ ಮುಂಚೆ ಮೂಸುತ್ತೆ."

ನಾನು ಬಗ್ಗಿ ಅವಳ ತಲೆ ಮೂಸಿದೆ. ಕೊಬ್ಬರಿ ಎಣ್ಣೆ.

"ಹಾಂ. ನಡಿಯೋವಾಗ ಮೊದಲು ಹಿಮ್ಮಡಿ ಇಡು. ಯಾರಾದ್ರೂ ಜೋಕ್ ಹೇಳಿದ್ರೆ ತಕ್ಷಣ ನಗಬೇಡ, ಅರ್ಥ ಆಗೋಕೆ ಟೈಮ್ ಬೇಕು ಮೊಂಬುಗೆ." ಆಮೇಲೆ ಅಜ್ಜನ ಕಡೆ ತಿರುಗಿ ಸಮಾಧಾನ ಹೇಳಿದಳು: "ಇದೇ ನಿಜವಾದ ಮೊಂಬು ತಾತ. ಬೆಂಗಳೂರಿಗೆ ಬಂದು ಎಲ್ಲ ಮರ್ತೋಗಿದೆ, ಅಷ್ಟೆ."

ಆ ಮಾತು ಕೇಳಿದ ಮೇಲೆ ನಾನು ತಪ್ಪು ಮಾಡುವುದು ಸಾಧ್ಯವೇ? ಅವತ್ತು ಮನೆಗೆ ಹೋಗಿ ಕನ್ನಡಿ ಮುಂದೆ ಹಿಮ್ಮಡಿ ಇಟ್ಟು ನಡೆದೆ. ಮಾರನೆಯ ದಿನ ಸಂಜೆ ನಾನೇ ದುಡ್ಡು ಕೊಟ್ಟು ಮತ್ತೆ ಚಿತ್ರ ನೋಡಿ ಬಂದೆ. ಕ್ರಮೇಣ ಒಂದು ವಿಚಿತ್ರ ನಡೆಯಿತು. ಮಕ್ಕಳು ಬಾಗಿಲಿನಿಂದಲೇ "ಮೊಂಬೂ!" ಅಂತ ಕೂಗಿ ಓಡಿ ಬರುವಾಗ ನನ್ನ ಭುಜ ತಾನಾಗಿ ಮೇಲೇಳುತ್ತಿತ್ತು. ಬೆಟ್ಟದಷ್ಟು ಎತ್ತರ ಇರಬೇಕಲ್ಲ! ಒಂದು ಸಲ ಪುಟ್ಟ ಮಗುವೊಂದು ನನ್ನ ಪಾದದ ಮೇಲೆ ಕೂತು ಅಲ್ಲೇ ನಿದ್ದೆಹೋಯಿತು. ಅದರಪ್ಪ ಬಂದು ಎತ್ತಿಕೊಳ್ಳುವವರೆಗೆ ನಾನು ಕಾಲು ಕದಲಿಸಲಿಲ್ಲ. ಅವತ್ತಿನಷ್ಟು ಖುಷಿ ಮುಂದೆ ರಿಸಲ್ಟ್ ನೋಡಿದಾಗಲೂ ಆಗಲಿಲ್ಲ.

ಮೇ ತಿಂಗಳ ಒಂದು ಶನಿವಾರ ಆ ಮಳೆ ಬಂತು.

ಮಧ್ಯಾಹ್ನದಿಂದ ಗಾಳಿ ಆಡದೆ ಊರೆಲ್ಲ ಉಸಿರು ಕಟ್ಟಿತ್ತು. ನಾಲ್ಕು ಗಂಟೆ ಹೊತ್ತಿಗೆ ಪಾರ್ಕಿನ ಗಾಜಿನ ಸೂರು ಕಪ್ಪಾಯಿತು. ಮೊದಲು ಗುಡುಗು, ಆಮೇಲೆ ಆಲಿಕಲ್ಲು. ಸೂರಿನ ಮೇಲೆ ಯಾರೋ ಮೂಟೆಗಟ್ಟಲೆ ಕಡಲೆ ಸುರಿದ ಹಾಗೆ ಸದ್ದು. ಮಕ್ಕಳು ಖುಷಿಯಿಂದ ಕಿರುಚುತ್ತಿದ್ದಾಗಲೇ ಕರೆಂಟ್ ಹೋಯಿತು. ಜನರೇಟರ್ ಹಾಕಿ ದೀಪವೇನೋ ಬಂತು. ಎ.ಸಿ. ಬರಲಿಲ್ಲ. ರೈಲು ಮತ್ತೆ ಓಡಲಿಲ್ಲ. ನಮ್ಮ ತಲೆಗಳಿಂದ ಎರಡಾಳು ಎತ್ತರದಲ್ಲಿ, ಬೆಟ್ಟಕ್ಕೂ ಪ್ಲಾಟ್‌ಫಾರ್ಮಿಗೂ ನಡುವೆ, ಬೋಗಿ ತುಂಬ ಮಕ್ಕಳೊಂದಿಗೆ ನಿಂತುಬಿಟ್ಟಿತ್ತು.

ಶಬಾನಾ ನನ್ನ ಹತ್ತಿರ ಓಡಿ ಬಂದಳು. "ಸೇಫ್ಟಿ ಬ್ರೇಕ್ ಹಿಡ್ಕೊಂಡಿದೆ. ಬೀಳಲ್ಲ, ಅದರ ಭಯ ಇಲ್ಲ. ಕೈಯಲ್ಲಿ ಹ್ಯಾಂಡಲ್ ತಿರುಗಿಸಿ ವಾಪಸ್ ಎಳ್ಕೋಬೇಕು. ಆದ್ರೆ ಬೋಗಿ ತೂಗಾಡಿದ್ರೆ ಬ್ರೇಕ್ ಬಿಡೋದೇ ಇಲ್ಲ. ಆ ಮಕ್ಕಳು ಅಲ್ಲಾಡ್ದೆ ಕೂರಬೇಕು ಕಣೇ!"

ಮೇಲೆ ನೋಡಿದರೆ ರೈಲು ತೊಟ್ಟಿಲಿನ ಹಾಗೆ ತೂಗುತ್ತಿತ್ತು. ಅರ್ಧ ಮಕ್ಕಳು ಅಳುತ್ತಿದ್ದವು. ಕೆಳಗೆ ಅಪ್ಪಂದಿರು ಅಮ್ಮಂದಿರು ಒಬ್ಬೊಬ್ಬರು ಒಂದೊಂದು ಕೂಗುತ್ತಿದ್ದರು. ಗಟ್ಟಿಯಾಗಿ ಹಿಡ್ಕೋ, ಕೆಳಗೆ ನೋಡ್ಬೇಡ, ಇಲ್ಲಿ ನೋಡು. ಲೋಕೇಶ್ ಸರ್ ಹಿಡಿದ ಮೈಕಿನಿಂದ ಗೊರಗೊರ ಬಿಟ್ಟು ಬೇರೇನೂ ಬರುತ್ತಿರಲಿಲ್ಲ.

"ನೀನು ಹೋಗು," ಅಂದಳು ಶಬಾನಾ. "ನಿನ್ನ ಮಾತು ಕೇಳ್ತಾರೆ." ಹೇಳಿ ಹ್ಯಾಂಡಲ್ ಕಡೆ ಓಡಿದಳು. ಮಾತೇ ಆಡದವಳ ಮಾತು!

ನಾನು ರೈಲಿನ ಕೆಳಗೆ, ಎಲ್ಲರಿಗೂ ಕಾಣುವ ಹಾಗೆ ಖಾಲಿ ಜಾಗದಲ್ಲಿ ಹೋಗಿ ನಿಂತೆ. ತಲೆಯೊಳಗಿನ ಫ್ಯಾನು ಅಷ್ಟರಲ್ಲಿ ಸತ್ತಿತ್ತು. ಬೆವರು ಕಣ್ಣಿಗಿಳಿದು ಉರಿಯುತ್ತಿತ್ತು. ಕೈಯೆತ್ತಿ ಎರಡು ಕಿವಿಗಳನ್ನೂ ಹಿಡಿದು ಕಣ್ಣ ಮೇಲೆ ಮಡಚಿದೆ. ಭುಜ ಏರಿಸಿ ದೊಡ್ಡ ಉಸಿರು. ಫುರ್ರ್. ಮೊದಲ ಸಲ ಯಾರೂ ನೋಡಲಿಲ್ಲ. ಎರಡನೇ ಸಲ ಮೂರನೇ ಬೋಗಿಯಲ್ಲಿ ಒಂದು ದಪ್ಪ ಕನ್ನಡಕ ನನ್ನ ಕಡೆ ತಿರುಗಿತು. ಧೃತಿ! ಅವಳೂ ಮೇಲಿದ್ದಾಳೆ ಅಂತ ನನಗೆ ಗೊತ್ತೇ ಇರಲಿಲ್ಲ. ಅವಳು ಅಂಗೈ ಕಣ್ಣಿಗಿಟ್ಟಳು. ಮೂರನೇ ಸಲಕ್ಕೆ ಇಡೀ ರೈಲು ಉಸಿರೆಳೆದು ಫುರ್ರ್ ಅಂದಿತು. ಅಳು ನಿಂತು, ಬಿಕ್ಕು ಉಳಿಯಿತು.

ಆದರೆ ಕೊನೆಯ ಬೋಗಿಯಲ್ಲಿ ಹತ್ತು ಹನ್ನೊಂದು ವರ್ಷದ ಹುಡುಗನೊಬ್ಬ, ಇದೆಲ್ಲ ಚಿಕ್ಕವರ ಆಟ ಅನ್ನುವ ವಯಸ್ಸಿನವನು, ಸೀಟಿನ ಅಡ್ಡಕಂಬಿಯಡಿಯಿಂದ ನುಸುಳಿ ಎದ್ದು ನಿಂತ. ಫೈಬರ್ ಬೆಟ್ಟದ ಅಂಚು ಅವನಿಗೆ ಒಂದೇ ನೆಗೆತದಷ್ಟು ದೂರದಲ್ಲಿ ಕಾಣುತ್ತಿತ್ತು. ಆ ಅಂಚು ಬರೀ ಬಣ್ಣ ಬಳಿದ ತೆಳು ಫೈಬರ್, ಬೆಕ್ಕು ಕೂತರೂ ಮುರಿಯುವಂಥದ್ದು ಅಂತ ನಮಗೆ ಗೊತ್ತಿತ್ತು, ಅವನಿಗೆ ಗೊತ್ತಿರಲಿಲ್ಲ. ಅವನು ಒಂದು ಕಾಲು ಹೊರಗೆ ಹಾಕಿದ. ಬೋಗಿ ವಾಲಿತು. "ರೋಹನ್! ಬೇಡ ಕಣೋ!" ಅಂತ ಅವನ ತಾಯಿ ಚೀರಿದಳು.

ಕೂಗು ನನ್ನ ನಾಲಿಗೆ ತುದಿಗೆ ಬಂತು. ಸ್ಪಂಜಿನೊಳಗಿಂದ ಕೂಗಿದರೆ ಯಾರಿಗೆ ಕೇಳುತ್ತದೆ? ತಲೆ ತೆಗೆದು ಕೂಗಿದರೆ ಮೊಂಬುವಿನ ಕುತ್ತಿಗೆಯಿಂದ ಬೆವರಿದ ಹುಡುಗಿ ಹೊರಬಂದದ್ದು ನೋಡಿ ಉಳಿದ ಮಕ್ಕಳೆಲ್ಲ ಮತ್ತೆ ಕಿರುಚುತ್ತವೆ. ಆ ಕ್ಷಣ ಯೋಚನೆ ಮಾಡಿದೆ ಅಂದರೆ ಸುಳ್ಳು. ಮೊಂಬು ಏನು ಮಾಡುತ್ತಿತ್ತೋ ಅದನ್ನೇ ನನ್ನ ಮೈ ಮಾಡಿತು. ಸೂರಿನ ಮೇಲೆ ಆಲಿಕಲ್ಲು ಸುರಿಯುತ್ತಿದ್ದ ಆ ಸದ್ದಿನ ನಡುವೆ, ಮೊದಲು ಒಂದು ಮಂಡಿ, ಆಮೇಲೆ ಇನ್ನೊಂದು, ಆಮೇಲೆ ಇಡೀ ಮೈ. ನಿಧಾನವಾಗಿ ನೆಲದ ಮೇಲೆ ಕೂತುಬಿಟ್ಟೆ.

ಮೇಲಿಂದ ಧೃತಿಯ ದನಿ ಬಂತು, ಮಳೆಯನ್ನೂ ಸೀಳಿಕೊಂಡು. "ಮೊಂಬು ಕೂತ್ಕೊಳ್ತು! ಎಲ್ರೂ ಕೂತ್ಕೊಳ್ಳಿ! ಮಳೆ ನಿಲ್ಲೋವರ್ಗೂ ಯಾರೂ ಏಳಂಗಿಲ್ಲ!"

ಚಿತ್ರ ನೋಡಿದ ಪ್ರತಿ ಮಗುವಿಗೂ ಅದು ಕಾಯಿದೆ. ರೈಲಿನ ಮಕ್ಕಳು ಸೀಟಿಗೆ ಬೆನ್ನು ಒತ್ತಿ, ಒಬ್ಬರಿಗೊಬ್ಬರು ಒರಗಿದರು. ಕೆಳಗಿದ್ದ ಮಕ್ಕಳು ಅಮ್ಮಂದಿರ ಕೈ ಬಿಡಿಸಿಕೊಂಡು ಓಡಿ ಬಂದು ನನ್ನ ಬೆನ್ನಿಗೆ, ತೊಡೆಗೆ, ಪಾದಕ್ಕೆ ಒರಗಿ ಕೂತರು. ಅವರನ್ನು ನೋಡಿ ಒಬ್ಬ ತಾಯಿ ಕೂತಳು. ಪಕ್ಕದ ತಂದೆ ಕೂತ. ಧೃತಿಯ ಅಜ್ಜ ಮಂಡಿನೋವು ಮರೆತು ಕೂತರು. ಮೈಕ್ ಹಿಡಿದೇ ಲೋಕೇಶ್ ಸರ್ ಕೂತರು. ನೋಡನೋಡುತ್ತಿದ್ದಂತೆ ಇಡೀ ಮಹಡಿ ನೆಲಕ್ಕಿಳಿದು ಸದ್ದಡಗಿತು.

ಹ್ಯಾಂಡಲ್ ಹಿಡಿದಿದ್ದ ಶಬಾನಾ ಮತ್ತು ಪಾರ್ಕಿನ ಮೆಕ್ಯಾನಿಕ್ ಬಿಟ್ಟರೆ ನಿಂತಿದ್ದವರು ಇಬ್ಬರೇ. ಮೇಲೆ, ಒಂದು ಕಾಲು ಹೊರಗಿಟ್ಟ ರೋಹನ್. ಕೆಳಗೆ, ಬಾಗಿಲ ಬಳಿ, ಕೈಯಲ್ಲಿ ಒದ್ದೆ ರೇನ್‌ಕೋಟು ಹಿಡಿದ ಒಬ್ಬ ಎತ್ತರದ ಮನುಷ್ಯ.

ಅಪ್ಪ.

ರಸ್ತೆಯಲ್ಲೆಲ್ಲ ಮರ ಬಿದ್ದಿವೆ, ಮಗಳು ಹೇಗೆ ಬರುತ್ತಾಳೆ ಅಂತ ಬ್ಯಾಂಕಿನಿಂದ ನೇರ ಬಂದಿದ್ದರು. ಲಿಫ್ಟು ಎಸ್ಕಲೇಟರು ನಿಂತದ್ದಕ್ಕೆ ಮೆಟ್ಟಿಲು ಹತ್ತಿ ಬಂದು ಏದುಸಿರು ಬಿಡುತ್ತಿದ್ದರು. ಒಂದು ಸಲ ರೈಲು ನೋಡಿದರು. ಒಂದು ಸಲ ನನ್ನನ್ನು ನೋಡಿದರು. ಆಮೇಲೆ ಒದ್ದೆ ಚಪ್ಪಲಿ ಬಿಚ್ಚಿಟ್ಟು, ಇಸ್ತ್ರಿ ಮಾಡಿದ ಪ್ಯಾಂಟಿನಲ್ಲೇ, ಪಾಪ್‌ಕಾರ್ನ್ ಚೆಲ್ಲಿದ್ದ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು.

ಈಗ ರೋಹನ್ ಒಬ್ಬನೇ. ಕೆಳಗೆ ಅಷ್ಟು ಜನ ಕೂತು ತನ್ನ ಕಡೆಗೇ ಮುಖ ಎತ್ತಿರುವುದನ್ನು ನೋಡಿದ. ಅವನ ಕಿವಿ ಕೆಂಪಾದದ್ದು ನನಗೆ ಅಲ್ಲಿಂದಲೇ ಕಂಡಿತು. ಹೊರಗಿಟ್ಟ ಕಾಲು ಒಳಗೆಳೆದುಕೊಂಡ. ಕೂತ. ಪಕ್ಕದಲ್ಲಿದ್ದ ಯಾರದೋ ಪುಟ್ಟ ಹುಡುಗಿ ಅವನಿಗೆ ಒರಗಿದಳು, ಅವನು ಸರಿಯಲಿಲ್ಲ.

ಬೋಗಿ ತೂಗಿ ತೂಗಿ ನಿಂತಿತು. ಎಲ್ಲಿಂದಲೋ ಕಟ್ ಅಂತ ಒಂದು ಸದ್ದು. "ಬಿಡ್ತು!" ಅಂತ ಶಬಾನಾ ಕೂಗಿದಳು. ಅವಳೂ ಮೆಕ್ಯಾನಿಕ್ಕೂ ಹ್ಯಾಂಡಲ್ ತಿರುಗಿಸಿದಂತೆಲ್ಲ ಕಟಕಟ ಅಂತ ಕ್ಯಾರೆಟ್ ರೈಲು ಮೊಳ ಮೊಳವಾಗಿ ಹಿಂದೆ ಸರಿದು ಪ್ಲಾಟ್‌ಫಾರ್ಮಿಗೆ ಬಂತು. ಅಷ್ಟು ಹೊತ್ತೂ ಒಂದು ಮಗುವೂ ಏಳಲಿಲ್ಲ. ಕೊನೆಯ ಬೋಗಿ ನಿಂತ ಮೇಲೆ ಎದ್ದ ಕೇಕೆ ಮಾತ್ರ ಜೆ.ಪಿ. ನಗರಕ್ಕೂ ಕೇಳಿರಬೇಕು. ಇಳಿದ ಮಕ್ಕಳು ಅಮ್ಮಂದಿರನ್ನು ಒಂದು ಸುತ್ತು ತಬ್ಬಿ, ನೇರ ಬಂದು ನನ್ನ ಮೇಲೆ ಬಿದ್ದರು. ರೋಹನ್ ಬರಲಿಲ್ಲ. ದೂರದಿಂದ ಯಾರೂ ನೋಡುತ್ತಿಲ್ಲ ಅಂದುಕೊಂಡು ಒಂದು ಕೈ ಎತ್ತಿದ, ಅಷ್ಟೆ.

ಆ ವೇಷದಲ್ಲಿ ಕೂತವರು ತಾವಾಗಿ ಏಳಲಾರರು. ನನಗೆ ಕಣ್ಣು ಕತ್ತಲಿಡುತ್ತಿತ್ತು. ಶಬಾನಾ ಒಂದು ಕಂಕುಳಿಗೆ ಕೈ ಹಾಕಿದಳು. ಇನ್ನೊಂದು ಕಡೆಯಿಂದ ದೊಡ್ಡ ಕೈಯೊಂದು ಬಂತು.

"ಬನ್ನಿ ಮೊಂಬು ಅವರೇ, ನಿಧಾನ," ಅಂದರು ಅಪ್ಪ, ಬ್ಯಾಂಕಿಗೆ ಬಂದ ಹಿರಿಯರನ್ನು ಮಾತಾಡಿಸುವ ದನಿಯಲ್ಲಿ.

"ಮೊಂಬುಗೆ ಅವರೇ ಗಿವರೇ ಅನ್ನಲ್ಲ ಅಂಕಲ್," ಅಂದಳು ಪಕ್ಕದಲ್ಲೇ ನಿಂತಿದ್ದ ಧೃತಿ.

"ಸಾರಿ ಅಮ್ಮಾ. ಗೊತ್ತಿರ್ಲಿಲ್ಲ," ಅಂದರು ಅಪ್ಪ, ನಿಜವಾಗಿಯೂ ನೊಂದುಕೊಂಡವರ ಹಾಗೆ.

ಸ್ಟೋರ್ ರೂಮಿನಲ್ಲಿ ಶಬಾನಾ ನನ್ನ ತಲೆಗೆ ಒಂದು ಬಕೆಟ್ ನೀರೇ ಸುರಿದಳು. ನಾನು ಗೋಡೆಗೊರಗಿ ಸುಧಾರಿಸಿಕೊಳ್ಳುವಾಗ ಅಪ್ಪ ಸ್ಟೂಲಿನ ಮೇಲೆ ಕೂತು ಮೊಂಬುವಿನ ತಲೆಯನ್ನು ತೊಡೆಯ ಮೇಲಿಟ್ಟು ತಿರುಗಿಸಿ ತಿರುಗಿಸಿ ನೋಡುತ್ತಿದ್ದರು. "ಇದರಲ್ಲಿ ಕಣ್ಣು ಎಲ್ಲಿಂದ ಕಾಣುತ್ತೆ?"

"ಬಾಯಿಂದ ಅಪ್ಪಾ. ಹಲ್ಲಿನ ಹಿಂದೆ ಬಲೆ ಇದೆ ನೋಡಿ."

"ಅಯ್ಯೋ!" ಅಂದರು. "ನಾನು ಅಷ್ಟು ಹೊತ್ತೂ ಆ ಮೇಲಿನ ಕಣ್ಣನ್ನೇ ನೋಡ್ತಾ, ಹೆದರ್ಕೋಬೇಡ, ನಾನಿದೀನಿ ಅಂತ ತಲೆ ಆಡಿಸ್ತಾ ಕೂತಿದ್ನಲ್ಲೇ!"

ಶಬಾನಾ ನಗು ತಡೆಯಲಾರದೆ ಬಕೆಟ್ ಎತ್ತಿಕೊಂಡು ಹೊರಗೋಡಿದಳು.

ಮಳೆ ನಿಂತಿತ್ತು. ಸ್ಕೂಟರಿನಲ್ಲಿ ಹೊರಟೆವು. ದಾರಿ ತುಂಬ ಗುಲ್‌ಮೊಹರಿನ ಕೊಂಬೆಗಳು, ಡಾಂಬರಿನ ಮೇಲೆ ಕೆಂಪು ಹೂವು, ಇನ್ನೂ ಕರಗದ ಆಲಿಕಲ್ಲು. ಎಲ್ಲ ದೀಪಗಳೂ ಆರಿದ್ದ ರಸ್ತೆಗಳಲ್ಲಿ ಅಪ್ಪ ನಿಧಾನವಾಗಿ, ಕೊಂಬೆಗಳನ್ನು ಸುತ್ತಿ ಬಳಸಿ ಗಾಡಿ ಬಿಡುತ್ತಿದ್ದರು. ನನ್ನ ಮೈಯಿಂದ ಬೆವರಿನ ನಾತ ಬರುತ್ತಿತ್ತು, ಅವರ ಪ್ಯಾಂಟಿಗೆ ಪಾಪ್‌ಕಾರ್ನಿನ ಪಾಕ ಅಂಟಿತ್ತು. ಬನಶಂಕರಿ ಹತ್ತಿರ ಬಂದಾಗ ಬ್ರೇಕ್ ಹಾಕದೆ, ಹಿಂದೆ ತಿರುಗದೆ ಅಪ್ಪ ಕೇಳಿದರು.

"ನಾಳೆ ಎಷ್ಟು ಗಂಟೆಗೆ ಹೋಗ್ಬೇಕು ನೀನು?"

"ನಾಳೆ ರಜಾ ಇರಬಹುದಪ್ಪ. ರೈಲು ಚೆಕ್ ಮಾಡೋವರ್ಗೂ ಓಡ್ಸಲ್ಲ ಅಂದ್ರು."

"ರೈಲು ತಾನೇ ಕೆಟ್ಟಿರೋದು?" ಅಂದರು ಅಪ್ಪ. "ಮೊಲಕ್ಕೇನಾಗಿದೆ? ಭಾನುವಾರ ಬೇರೆ, ಮಕ್ಕಳು ಬಂದೇ ಬರ್ತಾರೆ. ಬೇಗ ಎದ್ದು ರೆಡಿಯಾಗು, ನಾನೇ ಬಿಡ್ತೀನಿ."